ಅಡಿಕೆ ಅಂಗಳದಲ್ಲಿ ಮೈಕ್ರೋಬಿಟ್: ಮೂರು ವರ್ಷಗಳ ಬಳಕೆಯ ನಂತರ

ಮೂರು ವರ್ಷಗಳ ಹಿಂದೆ ಮಕ್ಕಳ ಬೇಸಿಗೆ ರಜೆಗೆಂದು ಎರಡು ವಸ್ತುಗಳನ್ನು ಕೊಂಡಿದ್ದೆ. ಒಂದು, ಮಕ್ಕಳು ತಾವೇ ಪ್ರೋಗ್ರಾಂ ಬರೆದು ನಡೆಸಬಹುದಾದ ಪುಟ್ಟ ಕಂಪ್ಯೂಟರ್, ಅಂದರೆ ಬಿಬಿಸಿ ಮೈಕ್ರೋಬಿಟ್ ಬೋರ್ಡಿನ ಎರಡನೆಯ ಆವೃತ್ತಿ. ಇನ್ನೊಂದು, ಅದನ್ನು ಕೂರಿಸಿ ಓಡಿಸಬಹುದಾದ ಎರಡು ಚಕ್ರದ ರೋಬೋಟ್ ಕಾರಿನ ಕಿಟ್. ‘ರೋಬೋಟಿಕ್ಸ್’ ಎಂದು ದಪ್ಪ ಅಕ್ಷರಗಳಲ್ಲಿ ಮುದ್ರಿಸಿದ್ದು ಕಾರಿನ ಪೆಟ್ಟಿಗೆಯ ಮೇಲೆ. ಆ ಕಾರು ಆರೇ ತಿಂಗಳಲ್ಲಿ ಅಟ್ಟ ಸೇರಿತು, ಬೋರ್ಡು ಮಾತ್ರ ಇಂದಿಗೂ ಕೆಲಸ ಮಾಡುತ್ತಿದೆ. ಆಗ ಮಗಳಿಗೆ ಹನ್ನೊಂದು, ಮಗನಿಗೆ ಎಂಟು ವರ್ಷ.

ಬೋರ್ಡಿನ ಪರಿಚಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪವೇ ದೊಡ್ಡದಾದ ಇದರಲ್ಲಿ 25 ಕೆಂಪು ಎಲ್‌ಇಡಿ, ಎರಡು ಗುಂಡಿ, ವಾಲುವಿಕೆಯನ್ನು ಅಳೆಯುವ ಸೆನ್ಸರ್, ದಿಕ್ಸೂಚಿ ಮತ್ತು ರೇಡಿಯೋ ಇವೆ. 2016ರಲ್ಲಿ ಬ್ರಿಟನ್ನಿನ ಶಾಲಾ ಮಕ್ಕಳಿಗೆ ಇದನ್ನು ಉಚಿತವಾಗಿ ಹಂಚಲಾಯಿತು. 2020ರ ಆವೃತ್ತಿಯಲ್ಲಿ ಸ್ಪೀಕರ್ ಮತ್ತು ಮೈಕ್ ಸೇರಿದವು. ಪ್ರೋಗ್ರಾಮನ್ನು ಮೇಕ್‌ಕೋಡ್ ಎಂಬ ತಾಣದಲ್ಲಿ ಆದೇಶಗಳ ಬಣ್ಣಬಣ್ಣದ ತುಂಡುಗಳನ್ನು ಜೋಡಿಸಿ ಬರೆಯಬಹುದು. ಬೋರ್ಡು ಕಂಪ್ಯೂಟರಿಗೆ ಪೆನ್‌ಡ್ರೈವಿನಂತೆ ಕಾಣಿಸುವುದರಿಂದ ಕಡತವನ್ನು ಅದರೊಳಗೆ ಎಳೆದುಹಾಕಿದರೆ ಸಾಕು. ಮಳೆಗಾಲದಲ್ಲಿ ವಾರಗಟ್ಟಲೆ ನೆಟ್‌ವರ್ಕ್ ಇಲ್ಲದ ನಮ್ಮ ಮಲೆನಾಡಿನ ಮನೆಗೆ, ಇಂಟರ್ನೆಟ್ ಇಲ್ಲದೆಯೂ ನಡೆಯುವ ಮೇಕ್‌ಕೋಡ್ ಆ್ಯಪ್ ದೊಡ್ಡ ಉಪಕಾರ ಮಾಡಿದೆ.

ಕಾರಿನ ವಿಷಯದಲ್ಲಿ ನನ್ನ ತಕರಾರಿದೆ. ತಯಾರಕರ ಹೆಸರು ಇಲ್ಲಿ ಬೇಡ. ಮೊದಲ ಸಂಜೆಯೇ ಜೋಡಣೆ ಮುಗಿದು, ಬಿಳಿ ಹಾಳೆಯ ಮೇಲೆ ಅಂಟಿಸಿದ ಕಪ್ಪು ಟೇಪಿನ ಗುಂಟ ಅದು ಓಡಿದಾಗ ಮನೆಯವರೆಲ್ಲ ಚಪ್ಪಾಳೆ ತಟ್ಟಿದೆವು. ಆದರೆ ಪ್ರೋಗ್ರಾಂ ಸಿದ್ಧವಾಗಿಯೇ ಬಂದಿತ್ತು, ತಂತಿಗಳಿಗೆ ಒಂದೇ ರೀತಿಯಲ್ಲಿ ಕೂರುವ ಪ್ಲಗ್ಗುಗಳಿದ್ದವು. ತಪ್ಪು ಮಾಡಲು ಜಾಗವೇ ಇರಲಿಲ್ಲ. ಅದರಿಂದ ಮಕ್ಕಳು ನಿಜವಾಗಿ ಕಲಿತದ್ದು ಅದು ಕೆಟ್ಟಾಗ. ಜಗುಲಿಯಲ್ಲಿ ಬೆಳಿಗ್ಗೆ ಸರಿಯಾಗಿ ಓಡುತ್ತಿದ್ದ ಕಾರು ಇಳಿಹೊತ್ತಿನ ಬಿಸಿಲು ಬೀಳುತ್ತಿದ್ದಂತೆ ದಾರಿ ತಪ್ಪುತ್ತಿತ್ತು. ಅದರ ಸೆನ್ಸರ್ ಅತಿಗೆಂಪು ಬೆಳಕು ಬಿಟ್ಟು, ಮರಳಿ ಬಂದಷ್ಟನ್ನು ನೋಡಿ ಕಪ್ಪು ಬಿಳುಪು ಗುರುತಿಸುತ್ತದೆ. ಬಿಸಿಲಿನಲ್ಲೂ ಅದೇ ಅತಿಗೆಂಪು ಧಾರಾಳವಾಗಿರುವುದರಿಂದ ಅದಕ್ಕೆ ಎಲ್ಲವೂ ಬಿಳಿಯಾಗಿಯೇ ಕಾಣುತ್ತದೆ. ಮಗಳು ಕೊಡೆ ಹಿಡಿದುಕೊಂಡು ಕಾರಿನ ಹಿಂದೆ ನಡೆದು ಇದನ್ನು ಖಚಿತಪಡಿಸಿಕೊಂಡಳು. ಕಾರು ನಿಧಾನವಾಗಿದ್ದುದಕ್ಕೂ ಕಾರಣ ಸಿಕ್ಕಿತು. ಅದರಲ್ಲಿದ್ದ ಎಲ್298ಎನ್ ಎಂಬ ಹಳೆಯ ಬಗೆಯ ಮೋಟಾರ್ ಡ್ರೈವರ್ (ಬೋರ್ಡಿನ ಆದೇಶದಂತೆ ಮೋಟಾರಿಗೆ ವಿದ್ಯುತ್ ಹಾಯಿಸುವ ಭಾಗ) ತನ್ನೊಳಗೇ ಸುಮಾರು 2 ವೋಲ್ಟ್ ನುಂಗಿಬಿಡುತ್ತದೆ. ನಾಲ್ಕು ರೀಚಾರ್ಜ್ ಸೆಲ್ಲುಗಳ 4.8 ವೋಲ್ಟಿನಲ್ಲಿ ಮೋಟಾರಿಗೆ ಉಳಿಯುವುದು 3 ವೋಲ್ಟೂ ಇಲ್ಲ.

ಬೋರ್ಡಿಗೆ ನಿಜವಾದ ಕೆಲಸ ಸಿಕ್ಕಿದ್ದು ಅದೇ ವರ್ಷ ಅಡಿಕೆ ಕೊಯ್ಲಿನ ಹೊತ್ತಿಗೆ. ಬೇಯಿಸಿ ಅಂಗಳದಲ್ಲಿ ಹರವಿದ ಅಡಿಕೆ ಅಕಾಲದ ಮಳೆಗೆ ನೆನೆದರೆ ಬೂಸಲು ಬಂದು ಬೆಲೆ ಹೋಗುತ್ತದೆ. ಎಲ್ಲರೂ ತೋಟದಲ್ಲೋ ಅಡಿಕೆ ಸುಲಿಯುವ ಚಪ್ಪರದಲ್ಲೋ ಇರುವಾಗ ಮೊದಲ ಹನಿ ಬಿದ್ದದ್ದು ಯಾರಿಗೂ ತಿಳಿಯುವುದಿಲ್ಲ. ಹನಿ ಬಿದ್ದೊಡನೆ ಕೂಗುವ ಯಂತ್ರ ಮಾಡಬೇಕೆಂದು ಮಕ್ಕಳು ಹೊರಟರು. ತಾಮ್ರದ ಪಟ್ಟಿಗಳಿರುವ ಒಂದು ತುಂಡು ಬೋರ್ಡು ತಂದು, ಒಂದು ಬಿಟ್ಟು ಒಂದು ಪಟ್ಟಿಯನ್ನು 3 ವೋಲ್ಟಿಗೂ ಉಳಿದವನ್ನು ಬೋರ್ಡಿನ ಅಂಚಿನಲ್ಲಿ 0 ಎಂದು ಬರೆದಿರುವ, ಅಳತೆ ಓದುವ ಪಿನ್ನಿಗೂ ಜೋಡಿಸಿದರು. ನಡುವೆ ನೀರು ಬಿದ್ದರೆ ವಿದ್ಯುತ್ ಹರಿದು, 0ಯಿಂದ 1023ರವರೆಗಿನ ಅಳತೆಯಲ್ಲಿ ಅಂಕಿ ಏರಬೇಕು. ಆದರೆ ಒಣಗಿದ ಪಟ್ಟಿಯಲ್ಲೂ ಅಂಕಿ ಮನಬಂದಂತೆ ಕುಣಿಯುತ್ತಿತ್ತು, ಕೈ ಹತ್ತಿರ ತಂದರೆ ಬದಲಾಗುತ್ತಿತ್ತು. ಯಾವುದಕ್ಕೂ ಕಟ್ಟಿಹಾಕದ ಪಿನ್ನು ಹೀಗೆ ತೇಲುತ್ತಿರುತ್ತದೆ. ವಿದ್ಯುತ್ತಿನ ಹರಿವನ್ನು ತಡೆಯುವ, ಹತ್ತು ಕಿಲೋ ಓಮಿನ ಒಂದು ರೆಸಿಸ್ಟರನ್ನು ಪಿನ್ನಿಗೂ ಗ್ರೌಂಡಿಗೂ (ಸೊನ್ನೆ ವೋಲ್ಟಿನ ತುದಿಗೂ) ನಡುವೆ ಹಾಕಿದ ಮೇಲೆ ಅಂಕಿ ಸೊನ್ನೆಗೆ ಬಂದು ಕುಳಿತಿತು.

ನವೆಂಬರ್ ಕೊನೆಯ ಒಂದು ಬೆಳಗಿನ ಜಾವ, ಐದು ಗಂಟೆಗೆ, ಯಂತ್ರ ಕೂಗಿತು. ಟಾರ್ಪಾಲು ಹಿಡಿದು ಓಡಿ ಹೋದರೆ ಆಕಾಶದ ತುಂಬ ನಕ್ಷತ್ರ. ಅಂಗಳದಲ್ಲಿ ನಿಂತ ಅಪ್ಪ, “ಇಬ್ಬನಿಗೂ ಮಳೆಗೂ ವ್ಯತ್ಯಾಸ ತಿಳಿಯದ್ದನ್ನ ಕಾವಲಿಗೆ ಇಟ್ಟಿದೀಯಲ್ಲ ಮಾರಾಯ” ಎಂದು ನನ್ನನ್ನೇ ಬೈದರು.

ಯಾವ ಅಂಕಿ ದಾಟಿದರೆ ಕೂಗಬೇಕೋ ಆ ಮಿತಿಯನ್ನು ಹೆಚ್ಚಿಸಿದರೆ ಸಾಕೆಂಬುದು ನನ್ನ ಸಲಹೆಯಾಗಿತ್ತು. ಅದು ತಪ್ಪು, ಗಟ್ಟಿ ಇಬ್ಬನಿ ಬಿದ್ದ ದಿನ ಅಂಕಿ ಸಣ್ಣ ಮಳೆಯಷ್ಟೇ ಏರುತ್ತಿತ್ತು. ಮಗಳು ನಾಲ್ಕು ರಾತ್ರಿಗಳ ಅಂಕಿಗಳನ್ನು ಲ್ಯಾಪ್‌ಟಾಪಿನಲ್ಲಿ ಉಳಿಸಿ, ಗ್ರಾಫ್ ಹಾಳೆಯ ಮೇಲೆ ಗೆರೆ ಎಳೆದಳು. ಆಮೇಲೆ ತಂಬಿಗೆಯಿಂದ ನೀರು ಚಿಮುಕಿಸಿ ಅದರದ್ದೂ ಒಂದು ಗೆರೆ. ಇಬ್ಬನಿಯ ಗೆರೆ ಗಂಟೆಗಟ್ಟಲೆ ಗುಡ್ಡ ಹತ್ತಿದಂತೆ ಮೆಲ್ಲಗೆ ಏರಿದರೆ, ಹನಿಯ ಗೆರೆ ಗೋಡೆಯಂತೆ ನೆಟ್ಟಗೆ ನಿಂತಿತ್ತು. ಈಗಿನ ಅಂಕಿಯಿಂದ ಒಂದು ನಿಮಿಷದ ಹಿಂದಿನ ಅಂಕಿಯನ್ನು ಕಳೆದು, ಉಳಿದದ್ದು ದೊಡ್ಡದಾಗಿದ್ದರೆ ಮಾತ್ರ ಕೂಗು ಎಂದು ಅವಳು ಪ್ರೋಗ್ರಾಂ ತಿದ್ದಿದಳು. ಅಂದಿನಿಂದ ಇಬ್ಬನಿಗೆ ಒಮ್ಮೆಯೂ ಕೂಗಿಲ್ಲ. ಇಷ್ಟು ದಿನ ಆ ಮಗುವಿಗೆ ಗ್ರಾಫ್ ಎಂದರೆ ಪರೀಕ್ಷೆಯ ಐದು ಅಂಕವಾಗಿತ್ತು.

ಎರಡು ತಿಂಗಳಿಗೆ ತಾಮ್ರದ ಪಟ್ಟಿಗಳು ಹಸಿರುಗಟ್ಟಿದವು. 3 ವೋಲ್ಟಿಗೆ ಜೋಡಿಸಿದ ಪಟ್ಟಿಗಳು ಮಾತ್ರ ಹೆಚ್ಚು ಸವೆದಿದ್ದುದನ್ನು ಮಗ ಗಮನಿಸಿದ. ನೀರಿನೊಳಗೆ ಸದಾ ವಿದ್ಯುತ್ ಹರಿಯುತ್ತಿದ್ದರೆ ಧನ ಧ್ರುವದ ತಾಮ್ರ ಕರಗುತ್ತ ಹೋಗುತ್ತದೆ. ಈಗ ಹತ್ತು ಸೆಕೆಂಡಿಗೊಮ್ಮೆ, ಓದುವ ಕ್ಷಣದಲ್ಲಿ ಮಾತ್ರ, ಬೇರೊಂದು ಪಿನ್ನಿನಿಂದ ಪಟ್ಟಿಗೆ ವಿದ್ಯುತ್ ಕೊಡುತ್ತೇವೆ. ಮರುವರ್ಷ ಹಾಕಿದ ಪಟ್ಟಿ ಇನ್ನೂ ಚೆನ್ನಾಗಿದೆ.

ಅಡುಗೆಮನೆಯಲ್ಲೂ ಸದ್ದು ಕೇಳಬೇಕೆಂದು ಎರಡನೆಯ ಬೋರ್ಡು ಕೊಂಡು ರೇಡಿಯೋದಲ್ಲಿ ಬೆಸೆದೆವು. ಪಕ್ಕದ ಮನೆಯ ಹುಡುಗನೂ ಒಂದನ್ನು ತರಿಸಿದ ಮೇಲೆ, ಅವನು ಗುಂಡಿ ಒತ್ತಿದಾಗಲೆಲ್ಲ ನಮ್ಮ ಮನೆಯಲ್ಲಿ ಮಳೆ ಬರತೊಡಗಿತು. ಮೇಕ್‌ಕೋಡಿನ ರೇಡಿಯೋ ತುಂಡಿನಲ್ಲಿ ಗುಂಪಿನ ಸಂಖ್ಯೆ 1 ಎಂದೇ ಇರುತ್ತದೆ, ಒಂದೇ ಗುಂಪಿನ ಬೋರ್ಡುಗಳು ಒಂದರ ಮಾತು ಇನ್ನೊಂದು ಕೇಳುತ್ತವೆ. ಇಬ್ಬರೂ ಅದನ್ನು ಬದಲಿಸಿರಲಿಲ್ಲ.

ಕೊಳ್ಳುವವರು ತಿಳಿದಿರಬೇಕಾದ ಮಿತಿಗಳೂ ಇವೆ. ಇದು 3 ವೋಲ್ಟಿನ ಬೋರ್ಡು. 5 ವೋಲ್ಟ್ ಬೇಡುವ ಅಗ್ಗದ ದೂರಮಾಪಕ ಸೆನ್ಸರನ್ನು ನೇರವಾಗಿ ಜೋಡಿಸಿದರೆ ಪಿನ್ನು ಹಾಳಾಗಬಹುದು. ಮೋಟಾರನ್ನು ಪಿನ್ನಿನಿಂದಲೇ ಓಡಿಸಲು ಹೋಗಬಾರದು, ಡ್ರೈವರ್ ಬೇಕೇ ಬೇಕು. ಒಳಗಿನ ತಾಪಮಾಪಕ ಅಳೆಯುವುದು ಬೋರ್ಡಿನ ಮುಖ್ಯ ಚಿಪ್‌ನ ಬಿಸಿಯನ್ನು, ಕೋಣೆಯದನ್ನಲ್ಲ. ಬೆಲೆಯೂ ಕಡಿಮೆಯಲ್ಲ. ಹೈಸ್ಕೂಲು ದಾಟಿದ, ಬೆಸುಗೆ ಹಾಕಲು ಅಂಜದ ಮಕ್ಕಳಿಗೆ ಆರ್ಡುಯಿನೋ ಬಗೆಯ ಅಗ್ಗದ ಬೋರ್ಡೇ ಸಾಕು. ಎಂಟರಿಂದ ಹದಿಮೂರರ ನಡುವಿನವರಿಗಾದರೆ ನಾನು ಇದನ್ನೇ ಹೇಳುತ್ತೇನೆ, ಕಾರಿನ ಕಿಟ್ ಇಲ್ಲದೆ. ಆ ದುಡ್ಡಿಗೆ ಕ್ರೊಕೊಡೈಲ್ ಕ್ಲಿಪ್ಪು, ರೆಸಿಸ್ಟರ್, ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಒಂದು ಸರ್ವೋ ಮೋಟಾರು ಮತ್ತು ಒಳ್ಳೆಯ ರೀಚಾರ್ಜ್ ಸೆಲ್ಲು ಕೊಳ್ಳಿ.

ಕಳೆದ ತಿಂಗಳು ಮಗ ಅಟ್ಟ ಹತ್ತಿ ಕಾರಿನ ಒಂದು ಮೋಟಾರನ್ನು ಕಳಚಿ ತಂದಿದ್ದಾನೆ. ಕೂಗಿದರೆ ಸಾಲದು, ಯಂತ್ರವೇ ಟಾರ್ಪಾಲು ಎಳೆದು ಮುಚ್ಚಬೇಕು ಎಂಬುದು ಅವನ ಹಟ. ಸದ್ಯಕ್ಕೆ ಅದು ಕರವಸ್ತ್ರದಷ್ಟು ಬಟ್ಟೆಯನ್ನು ಎಳೆಯುತ್ತದೆ. ಬಲ ಹೆಚ್ಚಿಸಲು ದೊಡ್ಡ ಹಲ್ಲುಚಕ್ರ ಬೇಕೆಂದು ಲೆಕ್ಕ ಹಾಕಿ, ಈಗ ನನ್ನ ಹಳೆಯ ಸೈಕಲ್ಲಿನ ಚೈನು ಬಿಚ್ಚುತ್ತಿದ್ದಾನೆ.