ಪೆಸಿಫಿಕ್‌ನಿಂದ ರೀಫ್‌ಗೆ ಹಾರುವ ಮುಂಚೆ ಹಳೇ ಡಿಸ್ಕಿನೊಳಗೆ ಏನಿದೆ ನೋಡಿ

ಹಲವು ಸರ್ವರ್‌ಗಳ ಡಿಸ್ಕುಗಳನ್ನು ಸೇರಿಸಿ ಒಂದೇ ಸಂಗ್ರಹ ಮಾಡುವ ಸಾಫ್ಟ್‌ವೇರ್ ಸೆಫ್; ಪೆಸಿಫಿಕ್, ರೀಫ್ ಅದರ ಆವೃತ್ತಿಗಳ ಹೆಸರು. ಸೆಫ್ ಕ್ಲಸ್ಟರ್ ನಡೆಸುತ್ತಿರುವವರು, ಅದರಲ್ಲೂ ಏಳೆಂಟು ವರ್ಷದಿಂದ ಒಂದೇ ಕ್ಲಸ್ಟರನ್ನು ಅಪ್‌ಗ್ರೇಡ್ ಮಾಡಿಕೊಂಡೇ ಬಂದಿರುವವರು, ರೀಫ್ ಪ್ಯಾಕೇಜಿಗೆ ಕೈ ಹಾಕುವ ಮುಂಚೆ ಒಂದು ಕಮಾಂಡ್ ಹೊಡೆದು ನೋಡಿ: ‘ಸೆಫ್ ಓಎಸ್‌ಡಿ ಕೌಂಟ್-ಮೆಟಾಡೇಟಾ ಓಎಸ್‌ಡಿ_ಆಬ್ಜೆಕ್ಟ್‌ಸ್ಟೋರ್’. ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬರುತ್ತದೆ. ಒಂದೊಂದು ಡಿಸ್ಕನ್ನು ನೋಡಿಕೊಳ್ಳುವ ಸೇವೆಗೆ ಓಎಸ್‌ಡಿ ಎನ್ನುತ್ತಾರೆ; ಅದು ಡಿಸ್ಕಿನ ಮೇಲೆ ಡೇಟಾ ಇಡುವ ಹೊಸ ಬಗೆ ಬ್ಲೂಸ್ಟೋರ್, ಹಳೇ ಬಗೆ ಫೈಲ್‌ಸ್ಟೋರ್. ಉತ್ತರದಲ್ಲಿ ಬ್ಲೂಸ್ಟೋರ್ ಎಂಬ ಒಂದೇ ಹೆಸರಿದ್ದರೆ ಮುಂದಕ್ಕೆ ಹೋಗಬಹುದು. ಫೈಲ್‌ಸ್ಟೋರ್ ಎಂದು ಇನ್ನೊಂದು ಸಾಲು ಕಂಡರೆ, ಅದರ ಮುಂದಿನ ಅಂಕಿ ಬರೀ 1 ಆಗಿದ್ದರೂ, ಅಲ್ಲಿಗೇ ನಿಲ್ಲಿಸಿ.

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಕಚೇರಿಯಲ್ಲಿ ಈ ಕಮಾಂಡನ್ನು ಯಾರೂ ಹೊಡೆಯಲಿಲ್ಲ. ಹೊಡೆದಿದ್ದರೆ ಬ್ಲೂಸ್ಟೋರ್ 24, ಫೈಲ್‌ಸ್ಟೋರ್ 16 ಎಂದು ಬರುತ್ತಿತ್ತು. ಎರಡನೇ ಶನಿವಾರದ ರಜೆ ನೋಡಿಕೊಂಡು ಶುಕ್ರವಾರ ರಾತ್ರಿ ಶುರುವಾದ ಅಪ್‌ಗ್ರೇಡ್, ಸೋಮವಾರ ಬೆಳಿಗ್ಗೆ ಮೂರು ವರ್ಚುವಲ್ ಮಷಿನ್‌ಗಳ ಡಿಸ್ಕ್ ಕೆಟ್ಟು ಕೂರುವುದರಲ್ಲಿ ಮುಗಿಯಿತು. ಕಚೇರಿಯ ಹೆಸರು ಇಲ್ಲಿ ಮುಖ್ಯವಲ್ಲ. ಅಲ್ಲಿ ನಡೆದ ಒಂದೊಂದು ಹೆಜ್ಜೆಯೂ ಬೇರೆಯವರೂ ಇಡಬಹುದಾದ ಹೆಜ್ಜೆಯೇ, ಅದಕ್ಕೇ ಇದನ್ನು ಬಿಡಿಸಿ ಬರೆಯುವುದು.

ಕ್ಲಸ್ಟರ್ ದೊಡ್ಡದೇನಲ್ಲ. ಐದು ಸರ್ವರ್, ಒಂದೊಂದರಲ್ಲಿ 8 ಟಿಬಿಯ ಎಂಟು ಹಾರ್ಡ್ ಡಿಸ್ಕ್, ಒಟ್ಟು 40 ಓಎಸ್‌ಡಿ. ಕ್ಲಸ್ಟರ್‌ನ ಸ್ಥಿತಿಯ ದಾಖಲೆ ಇಡುವ ಮಾನಿಟರ್ ಎಂಬ ಸೇವೆಗಳು ಮೂರು. ಪೂಲ್‌ಗಳಿಗೆ (ಡೇಟಾದ ವಿಭಾಗಗಳಿಗೆ) ಸೈಜ್ 3, ಅಂದರೆ ಎಲ್ಲ ಡೇಟಾಗೂ ಮೂರು ಪ್ರತಿ; ಮಿನ್-ಸೈಜ್ 2, ಅಂದರೆ ಎರಡಾದರೂ ಪ್ರತಿ ಇದ್ದರೆ ಮಾತ್ರ ಓದು-ಬರಹ. ಒಂದೇ ಸರ್ವರ್‌ನಲ್ಲಿ ಎರಡು ಪ್ರತಿ ಬರದಂತೆ ಕ್ರಷ್ (ಯಾವ ಡೇಟಾ ಯಾವ ಡಿಸ್ಕಿಗೆ ಎಂದು ತೀರ್ಮಾನಿಸುವ ಭಾಗ) ನಿಯಮ. ತುಂಬಿದ್ದು ಶೇ. 60. ಮೊದಲ ಎರಡು ಸರ್ವರ್ ಜುವೆಲ್ ಎಂಬ ಹಳೇ ಆವೃತ್ತಿಯ ಕಾಲದವು, ಉಳಿದ ಮೂರು ಆಮೇಲೆ ಸೇರಿಸಿದ್ದು. ಜುವೆಲ್‌ನಿಂದ ಲ್ಯೂಮಿನಸ್, ಅಲ್ಲಿಂದ ನಾಟಿಲಸ್, ಅಲ್ಲಿಂದ ಪೆಸಿಫಿಕ್, ಎಲ್ಲವೂ ತೊಂದರೆಯಿಲ್ಲದೆ ದಾಟಿತ್ತು. ಆದರೆ ಅಪ್‌ಗ್ರೇಡ್ ಅಂದರೆ ಸಾಫ್ಟ್‌ವೇರ್ ಹೊಸದಾಗುತ್ತದೆ ಅಷ್ಟೇ. ಡಿಸ್ಕಿನ ಮೇಲೆ ಓಎಸ್‌ಡಿಯನ್ನು ಯಾವ ಬಗೆಯಲ್ಲಿ ಕಟ್ಟಿತ್ತೋ ಆ ಬಗೆ ಹಾಗೇ ಉಳಿಯುತ್ತದೆ. 2017ರ ಲ್ಯೂಮಿನಸ್‌ನಿಂದ ಬ್ಲೂಸ್ಟೋರ್ ಡಿಫಾಲ್ಟ್ ಆಯಿತು ನಿಜ, ಆದರೆ ಅದು ಹೊಸದಾಗಿ ಕಟ್ಟುವ ಓಎಸ್‌ಡಿಗಳಿಗೆ ಮಾತ್ರ. ಮೊದಲ ಎರಡು ಸರ್ವರ್‌ಗಳ 16 ಓಎಸ್‌ಡಿಗಳು ಎಕ್ಸ್‌ಎಫ್‌ಎಸ್ ಫೈಲ್‌ಸಿಸ್ಟಮ್ ಮೇಲೆ ಕೂತ ಫೈಲ್‌ಸ್ಟೋರ್ ಆಗಿಯೇ ಇದ್ದವು.

ಸೆಫ್‌ನಲ್ಲಿ ನಡುವೆ ಒಂದು ಆವೃತ್ತಿ ಬಿಟ್ಟು ಮುಂದಿನದಕ್ಕೆ ಹೋಗಬಹುದು. 16 ಅಂದರೆ ಪೆಸಿಫಿಕ್, 17 ಕ್ವಿನ್ಸಿ, 18 ರೀಫ್. ಹಾಗಾಗಿ ಪೆಸಿಫಿಕ್‌ನಿಂದ ನೇರ ರೀಫ್‌ಗೆ ಹೋಗುವುದು ನಿಯಮದ ಪ್ರಕಾರ ತಪ್ಪಲ್ಲ. ಇಲ್ಲಿ ಎಡವಟ್ಟಾಗಿದ್ದು ಬಿಟ್ಟುಹೋದ ಆ ನಿಲ್ದಾಣದಿಂದ. ಫೈಲ್‌ಸ್ಟೋರ್ ಇದೆ, ಬದಲಾಯಿಸಿಕೊಳ್ಳಿ ಎಂದು ‘ಸೆಫ್ ಹೆಲ್ತ್’ನಲ್ಲಿ ಹಳದಿ ಎಚ್ಚರಿಕೆ ಕೊಡುವುದು ಕ್ವಿನ್ಸಿ. ಆಗಸ್ಟ್ 2023ರ ರೀಫ್‌ನಲ್ಲಿ ಫೈಲ್‌ಸ್ಟೋರ್‌ಗೆ ಬೆಂಬಲವನ್ನೇ ತೆಗೆದಿದ್ದಾರೆ. ನಡುವಿನದನ್ನು ಹಾರಿದವರಿಗೆ ಎಚ್ಚರಿಕೆ ಸಿಗದೆ ನೇರವಾಗಿ ಮುಚ್ಚಿದ ಬಾಗಿಲೇ ಸಿಗುತ್ತದೆ. ಪೆಸಿಫಿಕ್‌ನಲ್ಲಿ ಹಸಿರು ಬಣ್ಣದ ಹೆಲ್ತ್ ಓಕೆ ನೋಡಿ ಧೈರ್ಯ ತಂದುಕೊಂಡರೆ ಪ್ರಯೋಜನವಿಲ್ಲ. ಪೆಸಿಫಿಕ್‌ಗೆ ಗೊತ್ತಿರುವುದು ಪೆಸಿಫಿಕ್‌ನ ಆರೋಗ್ಯ ಮಾತ್ರ.

ಮೊದಲ ಸುಳಿವು ಮಾನಿಟರ್‌ನಲ್ಲೇ ಸಿಕ್ಕಿತ್ತು. ಮೊದಲ ಮಾನಿಟರ್‌ಗೆ ರೀಫ್ ಹಾಕಿ ಶುರು ಮಾಡಿದರೆ ಏಳಲೇ ಇಲ್ಲ. ಕಾರಣ ಲೆವೆಲ್‌ಡಿಬಿ ಎಂಬ ಹಳೇ ಡೇಟಾಬೇಸ್. ಜುವೆಲ್ ಕಾಲದಲ್ಲಿ ಕಟ್ಟಿದ ಮಾನಿಟರ್‌ಗಳು ತಮ್ಮ ದಾಖಲೆಯನ್ನು ಲೆವೆಲ್‌ಡಿಬಿಯಲ್ಲಿ ಇಡುತ್ತಿದ್ದವು, ಕ್ವಿನ್ಸಿಯಲ್ಲಿ ಅದನ್ನು ತೆಗೆದುಹಾಕಿ ರಾಕ್ಸ್‌ಡಿಬಿ ಮಾತ್ರ ಉಳಿಸಿದರು. ಮಾನಿಟರ್‌ನ ಡೇಟಾ ಫೋಲ್ಡರ್‌ನಲ್ಲಿ ‘ಕೆವಿ_ಬ್ಯಾಕೆಂಡ್’ ಎಂಬ ಪುಟ್ಟ ಫೈಲ್ ಇರುತ್ತದೆ, ಅದರೊಳಗೆ ಇರುವುದು ಒಂದೇ ಪದ. ಅದನ್ನು ತೆರೆದು ನೋಡಿದ್ದರೆ ಸಾಕಿತ್ತು. ಇವರು ಆ ಮಾನಿಟರನ್ನು ತೆಗೆದು ಹೊಸದಾಗಿ ಕಟ್ಟಿ, ಒಂದೊಂದಾಗಿ ಮೂರನ್ನೂ ದಾಟಿಸಿದರು. ಅಷ್ಟರ ಮಟ್ಟಿಗೆ ಕೆಲಸ ಸರಿಯಾಗಿಯೇ ಆಯಿತು. ಆದರೆ ಮಾನಿಟರ್ ಅಷ್ಟು ಹಳೆಯದಾದರೆ ಅದರ ಜೊತೆಗೇ ಹುಟ್ಟಿದ ಓಎಸ್‌ಡಿಗಳ ಕಥೆ ಏನು ಎಂದು ಆ ಕ್ಷಣ ಯಾರಿಗೂ ಹೊಳೆಯಲಿಲ್ಲ. ಇಡೀ ರಾತ್ರಿಯಲ್ಲಿ ಹಿಂದೆ ಸರಿಯಲು ಅತಿ ಸುಲಭವಾಗಿದ್ದ ಜಾಗ ಅದು.

(ಮೂರು ಮಾನಿಟರ್‌ನಲ್ಲಿ ಒಂದನ್ನು ತೆಗೆದರೆ ಉಳಿಯುವುದು ಎರಡು, ಎರಡರ ಬಹುಮತ ಎಂದರೆ ಎರಡೂ ಬೇಕು. ಆ ಹೊತ್ತಿಗೆ ಇನ್ನೊಂದು ಬಿದ್ದರೆ ಇಡೀ ಕ್ಲಸ್ಟರ್ ಸ್ತಬ್ಧ. ಮೊದಲು ನಾಲ್ಕನೆಯದನ್ನು ಸೇರಿಸಿ, ಅದು ಕೋರಂ (ಬಹುಮತದ ಗುಂಪು) ಸೇರಿದ ಮೇಲೆ ಹಳೆಯದನ್ನು ತೆಗೆಯಿರಿ.)

ಬಿದ್ದ ಓಎಸ್‌ಡಿಯ ಡೇಟಾ ಬೇರೆಡೆಗೆ ಹೋಗದಂತೆ ತಡೆಯುವ ‘ನೋಔಟ್’ ಫ್ಲ್ಯಾಗ್ ಹಾಕಿ ಮೂರು ಹೊಸ ಸರ್ವರ್‌ಗಳನ್ನು ಒಂದಾದ ಮೇಲೊಂದು ಮಾಡಿದರು. ಮೂರೂ ಸಲೀಸು. ಆ ಸಲೀಸೇ ಕೆಡಿಸಿತು. ಹೊತ್ತು ಮೀರುತ್ತಿದೆ ಎಂದು ಉಳಿದ ಎರಡು ಹಳೇ ಸರ್ವರ್‌ಗಳನ್ನು ಒಂದು ಶೆಲ್ ಸ್ಕ್ರಿಪ್ಟಿಗೆ ಒಪ್ಪಿಸಿದರು: ಪ್ಯಾಕೇಜ್ ಹಾಕು, ಸರ್ವಿಸ್ ರೀಸ್ಟಾರ್ಟ್ ಮಾಡು, ಮುಂದಿನ ಸರ್ವರ್‌ಗೆ ಹೋಗು. ಹಿಂದಿನ ಸರ್ವರ್‌ನ ಓಎಸ್‌ಡಿಗಳು ಎದ್ದಿವೆಯೇ ಎಂದು ಅದು ಕೇಳಲಿಲ್ಲ. ನಾಲ್ಕನೆಯದರ ಎಂಟು ಓಎಸ್‌ಡಿ ಏಳಲಿಲ್ಲ. ಸ್ಕ್ರಿಪ್ಟ್ ಐದನೆಯದಕ್ಕೆ ಹೋಯಿತು. ಅಲ್ಲಿಯ ಎಂಟೂ ಏಳಲಿಲ್ಲ.

ಪ್ರತಿ ಸರ್ವರ್ ನಿಲ್ಲಿಸುವ ಮುಂಚೆ ‘ಸೆಫ್ ಓಎಸ್‌ಡಿ ಓಕೆ-ಟು-ಸ್ಟಾಪ್’ ಎಂದು ಆ ಸರ್ವರ್‌ನ ಓಎಸ್‌ಡಿ ನಂಬರುಗಳನ್ನು ಕೊಟ್ಟು ಕೇಳುವ ಒಂದು ಸಾಲು ಆ ಸ್ಕ್ರಿಪ್ಟಿನಲ್ಲಿ ಇದ್ದಿದ್ದರೆ ಐದನೇ ಸರ್ವರ್‌ಗೆ ಉತ್ತರ ‘ಬೇಡ’ ಎಂದೇ ಬರುತ್ತಿತ್ತು. ಸೆಫ್ ನಿರ್ವಹಣೆಯ ಸಾಧನ ಸೆಫ್‌ಎಡಿಎಂ ಬಳಸುವವರಿಗೆ ಈ ಕೇಳಾಟವನ್ನು ಅದೇ ಮಾಡುತ್ತದೆ. ಕೈಯಿಂದ ಪ್ಯಾಕೇಜ್ ಹಾಕುವವರು ತಾವೇ ಕೇಳಬೇಕು.

ಎರಡು ಸರ್ವರ್ ಒಟ್ಟಿಗೆ ಹೋದರೆ ಏನಾಗುತ್ತದೆ? ಲೆಕ್ಕ ಹಾಕಿ. ಐದು ಸರ್ವರ್‌ಗಳಲ್ಲಿ ಮೂರನ್ನು ಆರಿಸುವ ಬಗೆ ಹತ್ತು. ಅದರಲ್ಲಿ ಬಿದ್ದುಹೋದ ಎರಡೂ ಸೇರಿರುವ ಬಗೆ ಮೂರು. ಅಂದರೆ ಸರ್ವರ್‌ಗಳೆಲ್ಲ ಸಮತೂಕದ್ದಾಗಿದ್ದರೆ, ಹತ್ತಕ್ಕೆ ಮೂರು ಪಾಲು ಪಿಜಿಗಳಿಗೆ (ಡೇಟಾದ ತುಂಡುಗಳನ್ನು ಒಟ್ಟಿಗೆ ಇಡುವ ಗುಂಪುಗಳಿಗೆ) ಒಂದೇ ಪ್ರತಿ ಉಳಿದಿರುತ್ತದೆ. ಮಿನ್-ಸೈಜ್ 2 ಇರುವುದರಿಂದ ಅವು ಓದುವುದನ್ನೂ ಬರೆಯುವುದನ್ನೂ ನಿಲ್ಲಿಸುತ್ತವೆ. ಒಂದು ವರ್ಚುವಲ್ ಡಿಸ್ಕಿನ ತುಂಡುಗಳು ಎಲ್ಲ ಪಿಜಿಗಳಲ್ಲೂ ಹರಡಿರುತ್ತವಾದ್ದರಿಂದ, ಮೂರು ಪಾಲು ನಿಂತರೆ ವರ್ಚುವಲ್ ಮಷಿನ್‌ಗಳೆಲ್ಲ ಹೆಪ್ಪುಗಟ್ಟಿದ ಹಾಗೆ. ಅಲ್ಲೂ ಆಗಿದ್ದು ಅದೇ. ನೋಡಲು ಭಯವಾಗುತ್ತದೆ, ಆದರೆ ಅಲ್ಲಿಯವರೆಗೆ ಒಂದು ಬೈಟ್ ಕೂಡ ಹೋಗಿರಲಿಲ್ಲ. ನಿಂತಿರುವುದೇ ಆಗ ಕ್ಷೇಮ.

ಆಗ ಮಾಡಬೇಕಿದ್ದದ್ದು ಇಷ್ಟು: ಆ ಎರಡು ಸರ್ವರ್‌ಗಳಿಗೆ ಪೆಸಿಫಿಕ್ ಪ್ಯಾಕೇಜನ್ನೇ ವಾಪಸ್ ಹಾಕುವುದು. ಸೆಫ್‌ನಲ್ಲಿ ದೊಡ್ಡ ಆವೃತ್ತಿಯಿಂದ ಹಿಂದಕ್ಕೆ ಬರುವ ದಾರಿ ಇಲ್ಲ ಎನ್ನುವುದು ಸರಿ, ರೀಫ್‌ನಲ್ಲಿ ಒಮ್ಮೆ ಎದ್ದ ಬ್ಲೂಸ್ಟೋರ್ ಓಎಸ್‌ಡಿಯನ್ನು ಪೆಸಿಫಿಕ್‌ಗೆ ಇಳಿಸಬಾರದು. ಆದರೆ ಇಲ್ಲಿ ರೀಫ್ ಆ ಫೈಲ್‌ಸ್ಟೋರ್ ಡಿಸ್ಕುಗಳನ್ನು ತೆರೆದೇ ಇರಲಿಲ್ಲ, ಒಳಗೆ ಏನೂ ಬದಲಾಗಿರಲಿಲ್ಲ. ‘ರಿಕ್ವೈರ್-ಓಎಸ್‌ಡಿ-ರಿಲೀಸ್ ರೀಫ್’ ಎಂಬ ಕೊನೆಯ ಕಮಾಂಡನ್ನೂ ಇನ್ನೂ ಕೊಟ್ಟಿರಲಿಲ್ಲ. ಅದನ್ನು ಕೊಟ್ಟಿದ್ದರೆ ಹಳೇ ಓಎಸ್‌ಡಿಗಳಿಗೆ ಕ್ಲಸ್ಟರ್‌ನೊಳಗೆ ಜಾಗವೇ ಇರುತ್ತಿರಲಿಲ್ಲ. ಹೊಸ ಮಾನಿಟರ್ ಜೊತೆ ಹಳೇ ಓಎಸ್‌ಡಿ ಇರುವುದು ಅಪ್‌ಗ್ರೇಡ್ ನಡುವಿನ ಸಹಜ ಸ್ಥಿತಿ. ಅರ್ಧ ಗಂಟೆಯಲ್ಲಿ ಎಲ್ಲ ಮೇಲೇಳುತ್ತಿತ್ತು.

ಅದರ ಬದಲು, ಸರ್ವಿಸ್ ನಿಂತಿದೆ ಎಂಬ ಒತ್ತಡಕ್ಕೆ ಮಣಿದು ಪೂಲ್‌ಗಳ ಮಿನ್-ಸೈಜನ್ನು 1 ಮಾಡಿದರು. ತಕ್ಷಣ ಎಲ್ಲ ಓಡಿತು. ಕನ್ಸೋಲ್‌ನಲ್ಲಿ ವರ್ಚುವಲ್ ಮಷಿನ್‌ಗಳು ಉಸಿರಾಡಿದವು, ಫೋನ್ ಕರೆ ನಿಂತವು. ರಾತ್ರಿ ಹನ್ನೆರಡೂವರೆಯಿಂದ ಮುಂದೆ, ಹತ್ತರಲ್ಲಿ ಮೂರು ಪಾಲು ಪಿಜಿಗಳಿಗೆ ಬಂದ ಪ್ರತಿ ಹೊಸ ಬರಹವೂ ಒಂದೇ ಒಂದು ಡಿಸ್ಕಿನ ಮೇಲೆ ಬೀಳತೊಡಗಿತು. ಬೆಳಗಿನ ಜಾವ ನಾಲ್ಕೂಕಾಲಕ್ಕೆ ಎದ್ದಿದ್ದ ಮೂರು ಸರ್ವರ್‌ಗಳಲ್ಲಿ ಒಂದರ ಒಂದು ಡಿಸ್ಕ್ ರೀಡ್ ಎರರ್ ಕೊಟ್ಟು ಅದರ ಓಎಸ್‌ಡಿ ಬಿತ್ತು. ಇದನ್ನು ದುರದೃಷ್ಟ ಎಂದು ಕರೆಯಬೇಡಿ. 40 ಹಳೇ ಡಿಸ್ಕುಗಳಲ್ಲಿ ಒಂದು ಹೋಗುವುದು ಮಾಮೂಲು, ಮೂರು ಪ್ರತಿ ಇಡುವುದೇ ಅದಕ್ಕಾಗಿ.

ಶನಿವಾರ ಮಧ್ಯಾಹ್ನ ಕೊನೆಗೂ ಪೆಸಿಫಿಕ್ ಪ್ಯಾಕೇಜ್ ಹಾಕಿದಾಗ 16 ಓಎಸ್‌ಡಿಗಳೂ ಎದ್ದವು. ಆದರೆ ಕೆಲವು ಪಿಜಿಗಳು ‘ಡೌನ್’ ಎಂದೇ ಉಳಿದವು. ಅದು ಸೆಫ್ ಮಾಡಿದ ಸರಿಯಾದ ಕೆಲಸ. ನಾವಿಲ್ಲದ ಹೊತ್ತಿನಲ್ಲಿ ಆ ಸತ್ತ ಓಎಸ್‌ಡಿಯ ಮೇಲೆ ಏನೋ ಬರೆದಿರಬಹುದು, ಅದು ಬರುವ ತನಕ ಕಾಯುತ್ತೇವೆ ಎನ್ನುತ್ತಿದ್ದವು ಅವು. ‘ಸೆಫ್ ಪಿಜಿ ಕ್ವೆರಿ’ ಕೊಟ್ಟರೆ ಯಾವ ಓಎಸ್‌ಡಿಗೆ ಕಾಯುತ್ತಿದೆ ಎಂದು ನಂಬರ್ ಸಮೇತ ಹೇಳುತ್ತದೆ. ಈ ಹಂತದಲ್ಲಿ ‘ಸೆಫ್ ಓಎಸ್‌ಡಿ ಲಾಸ್ಟ್’ ಕೊಟ್ಟರು, ಹೌದು ನಿಜವಾಗಿಯೂ ಎಂಬ ಉದ್ದದ ಆಪ್ಷನ್ ಸೇರಿಸಿ. ಪಿಜಿಗಳು ಎದ್ದವು, ಹೆಲ್ತ್ ಹಸಿರಾಯಿತು. ಕಳೆದುಹೋದ ಬರಹದ ಬಗ್ಗೆ ಎಲ್ಲೂ ಒಂದು ಕೆಂಪು ಸಾಲಿಲ್ಲ, ಏಕೆಂದರೆ ಉಳಿದ ಪ್ರತಿಗಳಿಗೆ ಆ ಬರಹ ಆಗಿದ್ದೇ ಗೊತ್ತಿಲ್ಲ.

ವರ್ಚುವಲ್ ಡಿಸ್ಕ್ ಒದಗಿಸುವ ಸೆಫ್‌ನ ಭಾಗ ಆರ್‌ಬಿಡಿ, ಡಿಸ್ಕ್ ಇಮೇಜನ್ನು 4 ಎಂಬಿ ತುಂಡುಗಳಾಗಿ ಒಡೆದು ಹರಡಿರುತ್ತದೆ. ಸೋಮವಾರ ಆ ಮೂರು ಮಷಿನ್‌ಗಳಲ್ಲಿ ಇದ್ದದ್ದು ಇದು: ಬಹುಪಾಲು ತುಂಡುಗಳು ಶನಿವಾರದವು, ನಡುನಡುವೆ ಶುಕ್ರವಾರ ರಾತ್ರಿಯವು. ಫೈಲ್‌ಸಿಸ್ಟಮ್‌ನ ಜರ್ನಲ್‌ಗೆ ಇಂಥದ್ದನ್ನು ಸರಿಮಾಡುವ ಶಕ್ತಿ ಇಲ್ಲ. ಡೇಟಾಬೇಸ್ ಇದ್ದ ಮಷಿನ್ ಪುಟ ಹೊಂದುತ್ತಿಲ್ಲ ಎಂದು ನಿಂತೇಬಿಟ್ಟಿತು. ‘ಲಾಸ್ಟ್’ ಕೊಡುವ ಮುಂಚೆ ಸತ್ತ ಡಿಸ್ಕನ್ನು ಹೊರತೆಗೆದು ಡಿಡಿರೆಸ್ಕ್ಯೂ ಎಂಬ ಸಾಧನದಿಂದ ಹೊಸ ಡಿಸ್ಕಿಗೆ ಎಷ್ಟು ಬರುತ್ತದೋ ಅಷ್ಟು ಎಳೆದು, ‘ಸೆಫ್-ಆಬ್ಜೆಕ್ಟ್‌ಸ್ಟೋರ್-ಟೂಲ್’ನಿಂದ ಕಾಯುತ್ತಿದ್ದ ಪಿಜಿಗಳನ್ನು ಎಕ್ಸ್‌ಪೋರ್ಟ್ ಮಾಡಲು ನೋಡಬೇಕಿತ್ತು. ಕೆಲವು ಸೆಕ್ಟರ್ ಕೆಟ್ಟ ಡಿಸ್ಕಿನಿಂದ ಬಹಳಷ್ಟು ಸಲ ಹೆಚ್ಚಿನದು ಬರುತ್ತದೆ. ಆ ಡಿಸ್ಕನ್ನು ಅಷ್ಟರಲ್ಲಿ ಜ್ಯಾಪ್ ಮಾಡಿ (ಪೂರ್ತಿ ಅಳಿಸಿ) ಬದಲಾಯಿಸಿಯೂ ಆಗಿತ್ತು.

ಇನ್ನೊಂದು ಮಾತು, ಆ ರಾತ್ರಿ ‘ನೋಔಟ್’ ತೆಗೆದು 16 ಓಎಸ್‌ಡಿಗಳನ್ನು ಔಟ್ ಮಾಡೋಣ ಎಂಬ ಸಲಹೆಯೂ ಬಂದಿತ್ತು. ಮಾಡದಿದ್ದದ್ದು ಪುಣ್ಯ. ಐದು ಸರ್ವರ್‌ನಲ್ಲಿ ಶೇ. 60 ಇರುವ ಡೇಟಾ ಮೂರರಲ್ಲಿ ಶೇ. 100. ಡಿಸ್ಕ್ ತುಂಬುವುದಕ್ಕೆ ಸೆಫ್ ಇಟ್ಟಿರುವ ಮಿತಿಗಳು ಶೇಕಡಾದಲ್ಲಿ ಹೀಗೆ: ನಿಯರ್‌ಫುಲ್ 85, ಬ್ಯಾಕ್‌ಫಿಲ್‌ಫುಲ್ 90, ಫುಲ್ 95. ಕನ್ನಂಬಾಡಿ ಕಟ್ಟೆಗೆ 124.80 ಅಡಿ ಹೇಗೋ ಇಲ್ಲಿ 95 ಹಾಗೆ, ಒಂದೇ ಒಂದು ಓಎಸ್‌ಡಿ ಅದನ್ನು ಮುಟ್ಟಿದರೂ ಅದನ್ನು ಬಳಸುವ ಪೂಲ್‌ಗಳಿಗೆ ಬರಹ ನಿಲ್ಲುತ್ತದೆ.

ರಿಕವರಿ ಶುರುವಾದ ಮೇಲೆ ಹಲವರು ತಬ್ಬಿಬ್ಬಾಗುವ ಇನ್ನೊಂದು ವಿಷಯ ಎಂಕ್ಲಾಕ್. ಕ್ವಿನ್ಸಿಯಿಂದ ಅದೇ ಡಿಫಾಲ್ಟ್ ಶೆಡ್ಯೂಲರ್, ಅಂದರೆ ಡಿಸ್ಕಿನ ಕೆಲಸಗಳ ಸರದಿ ಹಂಚುವ ಭಾಗ. ಕೈಗೆ ಒಗ್ಗಿರುವ ‘ಓಎಸ್‌ಡಿ_ಮ್ಯಾಕ್ಸ್_ಬ್ಯಾಕ್‌ಫಿಲ್ಸ್’ ಏರಿಸಿದರೂ ಏನೂ ಆಗುವುದಿಲ್ಲ, ‘ಓಎಸ್‌ಡಿ_ಎಂಕ್ಲಾಕ್_ಓವರ್‌ರೈಡ್_ರಿಕವರಿ_ಸೆಟ್ಟಿಂಗ್ಸ್’ ಟ್ರೂ ಮಾಡಿದರೆ ಮಾತ್ರ ಕೇಳುತ್ತದೆ. ರಿಕವರಿಗೆ ವೇಗ ಬೇಕಿದ್ದರೆ ಪ್ರೊಫೈಲನ್ನು ‘ಹೈ_ರಿಕವರಿ_ಆಪ್ಸ್’ಗೆ ಬದಲಾಯಿಸಿ, ಮುಗಿದ ಮೇಲೆ ‘ಬ್ಯಾಲೆನ್ಸ್ಡ್’ಗೆ ತನ್ನಿ. ‘ಸೆಫ್ ಕಾನ್ಫಿಗ್ ಡಂಪ್’ನಲ್ಲಿ ಒಂದೊಂದು ಹಾರ್ಡ್ ಡಿಸ್ಕಿನ ಐಒಪಿಎಸ್ (ಸೆಕೆಂಡಿಗೆ ಮಾಡಬಲ್ಲ ಓದು-ಬರಹ) ಎಷ್ಟೆಂದು ಬರೆದುಕೊಂಡಿದೆ ಎಂದೂ ನೋಡಿ. ಡಿಸ್ಕಿನ ಕ್ಯಾಷ್‌ನಿಂದಾಗಿ ಅಳತೆ ಸಾವಿರ ದಾಟಿ ದಾಖಲಾಗಿದ್ದರೆ ಅದು ಸುಳ್ಳು. ಡಿಫಾಲ್ಟ್ ಇರುವುದೇ 315.

ಈಗ ಸರಿಯಾದ ದಾರಿ. ಪೆಸಿಫಿಕ್‌ನಲ್ಲೇ ಇದ್ದುಕೊಂಡು ಫೈಲ್‌ಸ್ಟೋರ್ ಸರ್ವರ್‌ಗಳನ್ನು ಒಂದೊಂದಾಗಿ ಖಾಲಿ ಮಾಡಿ. ಶೇ. 60 ತುಂಬಿದ ಐದರಲ್ಲಿ ಒಂದು ಖಾಲಿಯಾದರೆ ಉಳಿದ ನಾಲ್ಕರಲ್ಲಿ ಸರಾಸರಿ ಶೇ. 75, ಎಲ್ಲೋ ಒಂದೆರಡು ಡಿಸ್ಕ್ 80 ದಾಟಬಹುದು. ಡೇಟಾವನ್ನು ಸಮನಾಗಿ ಹಂಚುವ ಬ್ಯಾಲೆನ್ಸರ್ ಸರಿಯಿದ್ದರೆ 85ರ ಒಳಗೇ ನಿಲ್ಲುತ್ತದೆ. ಎಂಟು ಓಎಸ್‌ಡಿಗಳನ್ನು ‘ಔಟ್’ ಮಾಡಿ, ಎಲ್ಲ ಪಿಜಿಗಳೂ ‘ಆಕ್ಟಿವ್+ಕ್ಲೀನ್’ ಆಗುವ ತನಕ ಕಾಯಿರಿ, ‘ಸೇಫ್-ಟು-ಡಿಸ್ಟ್ರಾಯ್’ ಕೇಳಿ. ಒಪ್ಪಿಗೆ ಬಂದ ಮೇಲೆ ಸರ್ವಿಸ್ ನಿಲ್ಲಿಸಿ, ‘ಡಿಸ್ಟ್ರಾಯ್’ ಕೊಡಿ, ‘ಸೆಫ್-ವಾಲ್ಯೂಮ್ ಎಲ್‌ವಿಎಂ ಜ್ಯಾಪ್’, ನಂತರ ಅದೇ ಓಎಸ್‌ಡಿ ನಂಬರ್ ಕೊಟ್ಟು ‘ಕ್ರಿಯೇಟ್’. ನಂಬರ್ ಉಳಿಸಿಕೊಂಡರೆ ಕ್ರಷ್ ಮ್ಯಾಪ್ ಬದಲಾಗುವುದಿಲ್ಲ, ಡೇಟಾ ಸುಮ್ಮನೆ ಅತ್ತಿಂದಿತ್ತ ಓಡಾಡುವುದು ತಪ್ಪುತ್ತದೆ.

ಹಳೇ ಸರ್ವರ್‌ಗಳಲ್ಲಿ ಎರಡು ಕಡೆ ಎಡವುತ್ತಾರೆ. ಒಂದು ರ‍್ಯಾಮ್. ಬ್ಲೂಸ್ಟೋರ್ ಪ್ರತಿ ಓಎಸ್‌ಡಿಗೆ 4 ಜಿಬಿ ಗುರಿ ಇಟ್ಟುಕೊಳ್ಳುತ್ತದೆ, ಎಂಟಕ್ಕೆ 32 ಜಿಬಿ, ರಿಕವರಿ ಹೊತ್ತಿನಲ್ಲಿ ಅದಕ್ಕೂ ಮೇಲೆ. 32 ಜಿಬಿಯ ಮಷಿನ್ ಆದರೆ ರ‍್ಯಾಮ್ ಹೆಚ್ಚಿಸಿ, ಇಲ್ಲವೇ ‘ಓಎಸ್‌ಡಿ_ಮೆಮೊರಿ_ಟಾರ್ಗೆಟ್’ ಇಳಿಸಿ. 2 ಜಿಬಿಗಿಂತ ಕೆಳಗೆ ಬೇಡ. ಇನ್ನೊಂದು ಎಸ್‌ಎಸ್‌ಡಿ. ಫೈಲ್‌ಸ್ಟೋರ್ ಜರ್ನಲ್‌ಗೆಂದು ಬಿಟ್ಟಿದ್ದ 5–10 ಜಿಬಿ ಪಾರ್ಟಿಷನ್ನನ್ನೇ ಬ್ಲೂಸ್ಟೋರ್‌ನ ಡಿಬಿಗೆ ಕೊಡುತ್ತಾರೆ. ಆರ್‌ಬಿಡಿಗೆ ಡಿಸ್ಕಿನ ಶೇ. 1ರಿಂದ 2, ಆಬ್ಜೆಕ್ಟ್ ಗೇಟ್‌ವೇಗೆ ಶೇ. 4 ಬೇಕು. 8 ಟಿಬಿ ಡಿಸ್ಕಿಗೆ 80ರಿಂದ 160 ಜಿಬಿ, ಗೇಟ್‌ವೇ ಆದರೆ 320. ಕಡಿಮೆ ಕೊಟ್ಟರೆ ಮೆಟಾಡೇಟಾ ಹಾರ್ಡ್ ಡಿಸ್ಕಿಗೆ ಚೆಲ್ಲುತ್ತದೆ, ‘ಬ್ಲೂಎಫ್‌ಎಸ್_ಸ್ಪಿಲ್‌ಓವರ್’ ಎಂಬ ಎಚ್ಚರಿಕೆ ಬರುತ್ತದೆ, ಎಲ್ಲ ನಿಧಾನವಾಗುತ್ತದೆ.

ಇನ್ನೂ ನಾಟಿಲಸ್, ಆಕ್ಟೋಪಸ್‌ನಲ್ಲಿ ಇರುವವರು ಪೆಸಿಫಿಕ್‌ಗೆ ಬರುವಾಗ 16.2.7 ಅಥವಾ ಅದರ ಮೇಲಿನದಕ್ಕೇ ಬನ್ನಿ. ಅದಕ್ಕೂ ಹಿಂದಿನವುಗಳಲ್ಲಿ ‘ಬ್ಲೂಸ್ಟೋರ್_ಎಫ್‌ಎಸ್‌ಸಿಕೆ_ಕ್ವಿಕ್_ಫಿಕ್ಸ್_ಆನ್_ಮೌಂಟ್’ ಆನ್ ಮಾಡಿದರೆ ಓಮ್ಯಾಪ್ (ಆಬ್ಜೆಕ್ಟ್‌ಗಳ ಜೊತೆ ಇಡುವ ಮೆಟಾಡೇಟಾ) ಕೀಗಳೇ ಕೆಡುವ ದೋಷ ಇತ್ತು.

ಮುಂಗಾರು ಮುಂಚಿನ ಗುಡುಗು ಮಳೆಯ ತಿಂಗಳುಗಳಲ್ಲಿ ಈ ಕೆಲಸ ಇಟ್ಟುಕೊಳ್ಳಬೇಡಿ, ಕರೆಂಟ್ ಹೋಗಿ ಬರುವ ಹೊತ್ತದು. ಒಂದು ಸರ್ವರ್ ಖಾಲಿಯಾಗಿ ತುಂಬಲು ದಿನಗಳೇ ಬೇಕು, ಎರಡಕ್ಕೆ ಎರಡು ವಾರ ಎಂದು ಮೇಲಿನವರಿಗೆ ಮೊದಲೇ ಹೇಳಿ ಒಪ್ಪಿಸಿಕೊಳ್ಳಿ. ಕೊನೇ ಡಿಸ್ಕೂ ಮುಗಿದ ಮೇಲೆ ಮತ್ತೆ ಅದೇ ಕಮಾಂಡ್ ಹೊಡೆಯಿರಿ. ಬ್ಲೂಸ್ಟೋರ್ 40 ಎಂಬ ಒಂದೇ ಸಾಲು ಬಂದ ದಿನ ರೀಫ್ ಪ್ಯಾಕೇಜ್ ಇಳಿಸಿಕೊಳ್ಳಿ.