ಕೆಟ್ಟ ಡೊಮೈನ್ ಕಂಟ್ರೋಲರ್: ಕಿತ್ತು ಹಾಕುವುದೋ, ಫಾರ್ಮ್ಯಾಟ್ ಹೊಡೆಯುವುದೋ?

ಪುಣೆಯ ಭೋಸರಿ, ಚಾಕಣ ಕಡೆಯ ಸಣ್ಣ ಕಾರ್ಖಾನೆಗಳಲ್ಲಿ ಡೊಮೈನ್ ಕಂಟ್ರೋಲರ್ (ಡಿಸಿ, ಎಲ್ಲರ ಲಾಗಿನ್ ನೋಡಿಕೊಳ್ಳುವ ವಿಂಡೋಸ್ ವ್ಯವಸ್ಥೆ) ಇರುವ ಸರ್ವರ್‌ನಲ್ಲೇ ಫೈಲ್ ಶೇರ್, ಅದರಲ್ಲೇ ಟ್ಯಾಲಿ. ಯುಪಿಎಸ್ ಕೈಕೊಟ್ಟು ಡಿಸಿಯ ಡೇಟಾಬೇಸ್ ಫೈಲ್ ಎನ್‌ಟಿಡಿಎಸ್.ಡಿಟ್ ಕೆಟ್ಟಿತೆಂದರೆ ಮಾಮೂಲಿ ಡಿಮೋಟ್ (ಡಿಸಿ ಕೆಲಸದಿಂದ ಇಳಿಸುವುದು) ಅರ್ಧಕ್ಕೇ ನಿಲ್ಲುತ್ತದೆ. ಮುಂದಿನ ಯಾವ ದಾರಿಗೂ ಆರೋಗ್ಯವಾಗಿರುವ ಇನ್ನೊಂದು ಡಿಸಿ ಬೇಕು. ಇಲ್ಲದಿದ್ದರೆ ಏನನ್ನೂ ಕೀಳಬೇಡಿ, ಸಿಸ್ಟಮ್ ಸ್ಟೇಟ್ ಬ್ಯಾಕಪ್ (ಆ ಡೇಟಾಬೇಸ್ ಒಳಗೊಂಡ ಬ್ಯಾಕಪ್) ಹುಡುಕಿ.

ಫೋರ್ಸ್ ರಿಮೂವಲ್ (ಬಲವಂತವಾಗಿ ಕಿತ್ತು ಹಾಕುವುದು): ವಿಂಡೋಸ್ ಸರ್ವರ್ 2008 ಆರ್2 ವರೆಗೆ ಡಿಸಿಪ್ರೊಮೊ /ಫೋರ್ಸ್‌ರಿಮೂವಲ್, 2012ರಿಂದ ಪವರ್‌ಶೆಲ್‌ನಲ್ಲಿ ಅನ್‌ಇನ್‌ಸ್ಟಾಲ್-ಎಡಿಡಿಎಸ್‌ಡೊಮೈನ್‌ಕಂಟ್ರೋಲರ್ -ಫೋರ್ಸ್‌ರಿಮೂವಲ್. ಎಫ್‌ಎಸ್‌ಎಂಒ ರೋಲ್ (ಒಂದೇ ಡಿಸಿಗೆ ಒಪ್ಪಿಸಿದ ವಿಶೇಷ ಹೊಣೆ) ಅದರಲ್ಲೇ ಇದ್ದರೆ -ಡಿಮೋಟ್‌ಆಪರೇಶನ್‌ಮಾಸ್ಟರ್‌ರೋಲ್ ಕೂಡ ಸೇರಿಸಬೇಕು. ಸರ್ಟಿಫಿಕೇಟ್ ಸರ್ವಿಸಸ್ ಇದ್ದರೆ ಮೊದಲು ಅದನ್ನು ತೆಗೆಯಿರಿ. ಡಿಸಿಯನ್ನು ಕೀಳುವಾಗ ಕೊಡುವ ಲೋಕಲ್ ಅಡ್ಮಿನ್ ಪಾಸ್‌ವರ್ಡ್ ಬರೆದಿಟ್ಟುಕೊಳ್ಳಿ. ರೀಬೂಟ್ ಆದ ಮೇಲೆ ಒಳಗೆ ಹೋಗಲು ಅದೊಂದೇ ಕೀಲಿ. ಸರ್ವರ್ ವರ್ಕ್‌ಗ್ರೂಪ್‌ಗೆ ಇಳಿಯುತ್ತದೆ, ಅಂದರೆ ಡೊಮೈನ್ ಇಲ್ಲದ ಬಿಡಿ ಯಂತ್ರವಾಗುತ್ತದೆ. ದೊಡ್ಡ ಲಾಭವೆಂದರೆ ಟ್ಯಾಲಿಯ ಡೇಟಾ ಅಲ್ಲೇ ಉಳಿಯುತ್ತದೆ, ಅದೇ ಡೊಮೈನ್‌ಗೆ ಮತ್ತೆ ಸೇರಿಸಿದರೆ ಡೊಮೈನ್ ಗುಂಪುಗಳಿಗೆ ಫೈಲ್, ಫೋಲ್ಡರ್ ಮೇಲೆ ಕೊಟ್ಟ ಎನ್‌ಟಿಎಫ್‌ಎಸ್ ಪರ್ಮಿಶನ್‌ಗಳೂ ಕೆಲಸ ಮಾಡುತ್ತವೆ.

ಫಾರ್ಮ್ಯಾಟ್: ಸರ್ವರ್‌ನಲ್ಲಿ ಬೇರೇನೂ ಇಲ್ಲದಿದ್ದರೆ ನನ್ನ ಓಟು ಇದಕ್ಕೇ. ಆಫ್ ಮಾಡಿ, ಡಿಸ್ಕ್ ಒರೆಸಿ, ಹೊಸದಾಗಿ ಹಾಕಿ. ಅಲ್ಲಿನ ಗುರುವಾರದ ವಾರದ ರಜೆಯಲ್ಲಿ ಮುಗಿಯುವ ಕೆಲಸ.

ರಿಜಿಸ್ಟ್ರಿಯಲ್ಲಿ ಪ್ರಾಡಕ್ಟ್‌ಟೈಪ್ ಅನ್ನು ಲ್ಯಾನ್‌ಮ್ಯಾನ್‌ಎನ್‌ಟಿಯಿಂದ (ಡಿಸಿ) ಸರ್ವರ್‌ಎನ್‌ಟಿಗೆ (ಸಾಮಾನ್ಯ ಸರ್ವರ್) ತಿದ್ದುವ ಹಳೇ ಉಪಾಯ ಬೇಡ. ಹೆಸರು ಬದಲಾಗುತ್ತದೆ, ಕಸ ಉಳಿಯುತ್ತದೆ. ಡಿಮೋಟ್ ಮಾಡದೆ ಡಿಐಎಸ್‌ಎಂ ಟೂಲ್‌ನಿಂದ ಡಿಸಿ ರೋಲ್ ತೆಗೆಯುವುದು ಇನ್ನೂ ಕೆಟ್ಟದ್ದು: ಮುಂದಿನ ಬೂಟ್‌ನಲ್ಲಿ ಸಿ00002ಇ2 ಎರರ್ ಬಂದು ಸರ್ವರ್ ಏಳುವುದೇ ಇಲ್ಲ.

ಫೋರ್ಸ್ ಆಗಲಿ, ಫಾರ್ಮ್ಯಾಟ್ ಆಗಲಿ, ಉಳಿದ ಡಿಸಿಗಳಿಗೆ ಸುದ್ದಿಯೇ ಹೋಗಿರುವುದಿಲ್ಲ. ಹೆಚ್ಚಿನವರು ಎಡವುವುದು ಇಲ್ಲೇ. ಒಳ್ಳೆಯ ಡಿಸಿಯಲ್ಲಿ ನೆಟ್‌ಡಾಮ್ ಕ್ವೆರಿ ಎಫ್‌ಎಸ್‌ಎಂಒ ಓಡಿಸಿ, ಯಾವ ರೋಲ್ ಯಾವ ಡಿಸಿಯಲ್ಲಿದೆ ಎಂದು ತೋರಿಸುತ್ತದೆ. ಸತ್ತ ಹೆಸರು ಕಂಡರೆ ಎನ್‌ಟಿಡಿಎಸ್‌ಯುಟಿಲ್‌ನಿಂದ ಆ ರೋಲ್ ಸೀಜ್ ಮಾಡಿ (ಬಲವಂತವಾಗಿ ಒಳ್ಳೆಯ ಡಿಸಿಗೆ ತನ್ನಿ). ಆರ್‌ಐಡಿ ಮಾಸ್ಟರ್ (ಹೊಸ ಅಕೌಂಟ್‌ಗಳ ಗುರುತುಸಂಖ್ಯೆ ಹಂಚುವ ರೋಲ್) ಸೀಜ್ ಮಾಡಿದ ಮೇಲೆ ಹಳೇ ಡಿಸಿಯನ್ನು ಹಾಗೇ ನೆಟ್‌ವರ್ಕ್‌ಗೆ ಹಚ್ಚಲೇಬಾರದು, ಒಂದೇ ಎಸ್‌ಐಡಿ (ಅಕೌಂಟ್‌ನ ಗುರುತುಸಂಖ್ಯೆ) ಇಬ್ಬರಿಗೆ ಸಿಕ್ಕೀತು. ಆಮೇಲೆ ಡೈರೆಕ್ಟರಿಯ ಡೊಮೈನ್ ಕಂಟ್ರೋಲರ್ಸ್ ಒಯುನಲ್ಲಿ (ಫೋಲ್ಡರ್‌ನಂಥದ್ದು) ಅದರ ಅಕೌಂಟ್ ಅಳಿಸಿ. ಶಾಶ್ವತವಾಗಿ ಆಫ್‌ಲೈನ್ ಎಂಬ ಟಿಕ್ ಹಾಕಿದರೆ 2008 ಮತ್ತು ನಂತರದ ಟೂಲ್‌ಗಳಲ್ಲಿ ಮೆಟಾಡೇಟಾ (ಹಳೇ ಡಿಸಿಯ ಉಳಿದ ದಾಖಲೆ) ತಾನಾಗಿ ಹೋಗುತ್ತದೆ. ಸೈಟ್ಸ್ ಅಂಡ್ ಸರ್ವಿಸಸ್ ಟೂಲ್‌ನಲ್ಲಿ ಉಳಿದ ಸರ್ವರ್ ಹೆಸರು ಕೈಯಾರೆ ತೆಗೆಯಿರಿ. ಹಳೇ ಹೆಸರಿನಲ್ಲೇ ಮತ್ತೆ ಸೇರಿಸುವುದಾದರೆ ಇಷ್ಟೆಲ್ಲ ಮುಗಿದು ರೆಪ್ಲಿಕೇಶನ್ (ಎಲ್ಲ ಡಿಸಿಗೂ ಬದಲಾವಣೆ ತಲುಪುವುದು) ಆದ ಮೇಲೆ.

ಲಾಗಿನ್ ಆಮೇಲೂ ನಿಧಾನವಾದರೆ ಡಿಎನ್‌ಎಸ್‌ನ _ಎಂಎಸ್‌ಡಿಸಿಎಸ್ ವಲಯದ ಹಳೇ ಎಸ್‌ಆರ್‌ವಿ ದಾಖಲೆ (ಡಿಸಿ ಎಲ್ಲಿದೆ ಎಂದು ಹೇಳುವುದು) ನೋಡಿ. ಡಿಎಚ್‌ಸಿಪಿಯ 006ನೇ ಆಯ್ಕೆಯಲ್ಲಿ (ಡಿಎನ್‌ಎಸ್ ಸರ್ವರ್ ವಿಳಾಸ) ಸತ್ತ ಸರ್ವರ್‌ನ ಐಪಿ ಇನ್ನೂ ಕೂತಿರುತ್ತದೆ.