38 ಮಕ್ಕಳ ಶಾಲೆಯಲ್ಲಿ ಎರಡು ವರ್ಷ

ಶಾಲೆಯ ಹೆಸರು ಬರೆಯುವುದಿಲ್ಲ, ಕೆಳಗೆ ಸ್ವಲ್ಪ ದೂರೂ ಇದೆ. ಬೆಂಗಳೂರಿನ ಅಂಚಿನ ಒಂದು ತೋಟದಲ್ಲಿ ಕೆಲವು ಪೋಷಕರೇ ಸೇರಿ ನಡೆಸುವ ಶಾಲೆ. ಯೂನಿಫಾರ್ಮ್ ಇಲ್ಲ, ಪರೀಕ್ಷೆ ಇಲ್ಲ, ರ‍್ಯಾಂಕಿನ ಮಾತಂತೂ ಎತ್ತಲೇಬೇಡಿ. ಐದನೆಯವರೆಗೆ ಪಾಠವೆಲ್ಲ ಕನ್ನಡದಲ್ಲೇ. ಐದಕ್ಕೆ ಮೂರೂವರೆ ಸ್ಟಾರ್ ಕೊಡುತ್ತೇನೆ.

ನನಗೆ ಜಾಸ್ತಿ ಹಿಡಿಸಿದ್ದು ಶುಕ್ರವಾರದ ಸಭೆ. ಮಕ್ಕಳು, ಅಕ್ಕಂದಿರು (ಅಲ್ಲಿ ಯಾರೂ ಮಿಸ್ ಅನ್ನುವುದಿಲ್ಲ), ಅಡುಗೆಯವರು ಎಲ್ಲ ಸುತ್ತಲೂ ನೆಲಕ್ಕೆ ಕೂರುತ್ತಾರೆ, ಆರು ವರ್ಷದವರಿಗೂ ಒಂದು ವೋಟು, ದೊಡ್ಡವರಿಗೂ ಒಂದೇ ವೋಟು. ಎ. ಎಸ್. ನೀಲ್ ಅನ್ನುವ ಶಿಕ್ಷಕರು 1921ರಲ್ಲಿ ಶುರು ಮಾಡಿದ, ಈಗ ಇಂಗ್ಲೆಂಡಿನಲ್ಲಿರುವ ಸಮ್ಮರ್‌ಹಿಲ್ ಶಾಲೆಯಿಂದ ಕಲಿತದ್ದಂತೆ. ಪಾಠಕ್ಕೆ ಬರುವುದು ಬಿಡುವುದು ಮಕ್ಕಳ ಇಷ್ಟ ಅನ್ನುವುದೂ ಅಲ್ಲಿಂದಲೇ ಬಂದದ್ದು. ಆದರೆ ಕಳೆ ಕೀಳುವುದು, ನೂಲುವುದು, ತಟ್ಟೆ ತೊಳೆಯುವುದು ಗಾಂಧೀಜಿ 1937ರಲ್ಲಿ ವಾರ್ಧಾದಲ್ಲಿ ಮುಂದಿಟ್ಟ ನಯೀ ತಾಲೀಮ್ (ಕೈಕೆಲಸದ ಮೂಲಕವೇ ಕಲಿಯುವ ಪದ್ಧತಿ) ದಾರಿ, ಅದು ಕಡ್ಡಾಯ. ಎರಡೂ ಒಂದೇ ಹಂಡೆಯಲ್ಲಿ ಬೇಯುತ್ತವಾ? ಈ ಪ್ರಶ್ನೆ ನಮಗ್ಯಾರಿಗೂ ಹೊಳೆದಿರಲಿಲ್ಲ, ಒಂದು ಶುಕ್ರವಾರ ನನ್ನ ಮಗಳೇ ಎದ್ದು ನಿಂತು ಕೇಳಿದಳು: "ಪಾಠ ನಮ್ಮಿಷ್ಟ ಅಂದ್ಮೇಲೆ ತಟ್ಟೆ ತೊಳೆಯೋದೂ ನಮ್ಮಿಷ್ಟ ಅಲ್ವಾ?" ಒಂದು ಗಂಟೆ ಜಗಳ. ಕೊನೆಗೆ ಹತ್ತು ವರ್ಷದ ಹುಡುಗನೊಬ್ಬ, ಪಾಠ ತಪ್ಪಿಸಿದರೆ ನನಗೆ ನಷ್ಟ, ತಟ್ಟೆ ಬಿಟ್ಟರೆ ಇನ್ನೊಬ್ಬರು ತೊಳೀಬೇಕು ಅಂದ. ವೋಟು ಅವನ ಕಡೆ ಬಿತ್ತು. ದೊಡ್ಡ ಪಾತ್ರೆ ಅಪ್ಪ ಅಮ್ಮಂದಿರಿಗೆ ಅಂತ ಅದೇ ಉಸಿರಲ್ಲಿ ತೀರ್ಮಾನವೂ ಆಯಿತು.

ಇನ್ನು ದೂರು. ಮಗಳಿಗೆ ಎಂಟು ವರ್ಷವಾದರೂ ಮಗ್ಗಿ ಬರುವುದಿಲ್ಲ, ಕೇಳಿದರೆ ತಾನಾಗಿ ಬರುತ್ತೆ ಅನ್ನುತ್ತಾರೆ. ನಾನು ರಾತ್ರಿ ಕದ್ದುಮುಚ್ಚಿ ಹೇಳಿಕೊಡುತ್ತಿದ್ದೇನೆ. ಆದಾಯ ನೋಡಿಕೊಂಡು ಫೀಸು ಅನ್ನುವ ಆದರ್ಶ ಚೆನ್ನಾಗಿದೆ, ಆದರೆ ಮೀಟಿಂಗಿನ ದಿನ ಎಲ್ಲರ ಕಣ್ಣು ಇನ್ನೊಬ್ಬರ ಕಾರಿನ ಮೇಲೆ. ಎಲ್ಲಕ್ಕಿಂತ ಬೇಜಾರಾದದ್ದು, ಶಾಲೆಗೆ ಇಲಾಖೆಯ ಮಾನ್ಯತೆ ಇಲ್ಲ ಅಂತ ಸೇರಿಸುವಾಗ ಯಾರೂ ಬಾಯಿ ಬಿಡಲಿಲ್ಲ. ಟಿಸಿ ಇಲ್ಲ ಅಂತ ಎಂಟನೆಯವರೆಗೆ ಸರ್ಕಾರಿ ಅಥವಾ ಅನುದಾನಿತ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ, 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ. ಹತ್ತನೆಯದನ್ನು ಕೇಂದ್ರದ ಮುಕ್ತ ಶಾಲಾ ಮಂಡಳಿಯಾದ ಎನ್‌ಐಒಎಸ್ ಮೂಲಕ ಬರೆಯಬಹುದು, 14 ತುಂಬಿರಬೇಕು ಅಷ್ಟೆ. ಇದನ್ನೆಲ್ಲ ನಾನೇ ಹುಡುಕಿ ತಿಳಿದುಕೊಂಡೆ, ಅವರು ಮೊದಲೇ ಹೇಳಿದ್ದರೂ ಸೇರಿಸುತ್ತಿದ್ದೆ.

ಸೇರಿಸುವ ಮೊದಲು ಒಂದು ಶುಕ್ರವಾರ ಹೋಗಿ ಸುಮ್ನೆ ಕೂತು ಬನ್ನಿ. ನಾಳೆ ಬರುವುದಾದರೆ ನಾನೂ ಸಿಗುತ್ತೇನೆ, ಅನ್ನದ ಹಂಡೆ ಉಜ್ಜುವ ಸರದಿ ನಂದೇ.